ಮಾನಿಟರಿಗೆ ಕರೆಂಟ್ ಎಲ್ಲಿಂದ ಬರ್ತದ?

ಲ್ಯಾಪ್‌ಟಾಪಿನ ಸಣ್ಣ ಅಕ್ಷರ ನನಗ ಈಗ ಕಾಣಂಗಿಲ್ಲ ಅಂತ ಮಗ ಬೆಂಗಳೂರಿಂದ ಬರೋವಾಗ ಒಂದು ತೆಳ್ಳನೆ ಮಾನಿಟರ್ ತಂದುಕೊಟ್ಟ. ಡಬ್ಬಿ ಬಿಚ್ಚಿ ನೋಡ್ತೀನಿ, ಗ್ವಾಡಿಗೆ ಹಚ್ಚೋ ಪ್ಲಗ್ಗೇ ಇಲ್ಲ! ಒಂದ ಒಂದು ಯುಎಸ್‌ಬಿ ವಾಯರು. "ಕರೆಂಟ್ ಎಲ್ಲಿಂದೋ?" ಅಂದೆ. "ಇದರಾಗ ಬರ್ತದವ್ವ" ಅಂದ.

ಹಿಂದ ಹೊಟ್ಟಿ ಬಂದ ಹಳೇ ಮಾನಿಟರ್ ನಿಮಗೆಲ್ಲ ನೆನಪಿರಬೇಕು. ಗುಂಡು ಬಲ್ಬಿನಂಗ 60-80 ವ್ಯಾಟ್ ತಿಂತಿತ್ತು. 1981ರ ಐಬಿಎಂ ಪಿಸಿಯ ಮಾನಿಟರಿನ ಪ್ಲಗ್ಗನ್ನ ಕಂಪ್ಯೂಟರಿನ ಬೆನ್ನಿಗೇ ಹಚ್ಚತಿದ್ರು, ಆದ್ರ ಅಲ್ಲಿ ಹರೀತಿದ್ದದ್ದು ಗ್ವಾಡಿ ಕರೆಂಟೇ.

ಯುಎಸ್‌ಬಿ ಬಂದದ್ದು 1996ರಾಗ. ಅದನ್ನ ಮಾಡಿದ ಇಂಟೆಲ್ ಕಂಪನಿಯವರಾಗ ದೊಡ್ಡ ಹೆಸರು ಅಜಯ್ ಭಟ್, ಬಡೋದೆಯೊಳಗ ಓದಿದವರು. ಮಗಳ ಶಾಲಿ ಕೆಲಸಕ್ಕ ಪ್ರಿಂಟರ್ ಹಚ್ಚಲಿಕ್ಕೆ ಹೆಂಡತಿ ಪಟ್ಟ ತ್ರಾಸು ನೋಡಿದ್ದೆ ಅಂತ ಅವರ ಹೇಳ್ಯಾರ. (ನೋಡ್ರಿ, ಇದರ ಹಿಂದೂ ಒಬ್ಬಾಕಿ ಹೆಣ್ಣುಮಗಳು!) ಆಗ ಅದರಾಗ ಬರ್ತಿದ್ದದ್ದು 5 ವೋಲ್ಟು, ಭಾಳಂದ್ರ ಎರಡೂವರಿ ವ್ಯಾಟ್. ಮೌಸು, ಕೀಬೋರ್ಡಿಗೆ ಸಾಕು, ಮಾನಿಟರಿಗೆ ಎಲ್ಲಿಂದ ಸಾಲಬೇಕು? 2008ರ ಯುಎಸ್‌ಬಿ 3ರಾಗ ನಾಲ್ಕೂವರಿ ಆತು. ಅದೂ ಸಾಲದ, ಮೊದಮೊದಲಿನ ಕೆಲವು ಯುಎಸ್‌ಬಿ ಮಾನಿಟರಿಗೆ ಎರಡು ಮೂತಿಯ ವಾಯರು ಕೊಡ್ತಿದ್ರು. ಎರಡು ತೂತಿನಿಂದ ಹೀರಿ ಹೊಟ್ಟಿ ತುಂಬಿಸ್ಕೋಬೇಕು.

ಅಷ್ಟರಾಗ ಎಲ್‌ಇಡಿ ಬಂದು ಮಾನಿಟರಿನ ಹಸಿವೂ ಇಳೀತು, ನನ್ನಂಥಾ ಸಣ್ಣದಕ್ಕ ಹತ್ತು ವ್ಯಾಟ್ ಸಾಕು. 2014ರಾಗ ಟೈಪ್-ಸಿ ಬಂದಮ್ಯಾಲೆ ಚಿತ್ರ, ಕರೆಂಟ್ ಎರಡೂ ಒಂದ ವಾಯರಿನಾಗ ಹೋಗಲಿಕ್ಕೆ ಹತ್ತಿದ್ವು. 'ನಿನಗೆಷ್ಟು ಬೇಕು, ನನ್ನ ಹತ್ರ ಎಷ್ಟದ' ಅಂತ ಎರಡೂ ಸಾಮಾನು ಮೊದಲ ಮಾತಾಡ್ಕೋತಾವಂತ, ಆಮ್ಯಾಲೆ ವೋಲ್ಟು 20ರ ತನಕ ಏರ್ತದ. ಹಿಂಗ 100 ವ್ಯಾಟ್ ಸಾಗಿಸಲಿಕ್ಕೆ ದಾರಿ ಆತು, 2021ರಾಗ 240 ಅಂದ್ರು.

ಶ್ರಾವಣದಾಗ ನಮ್ಮತ್ತಿಯವರು ಹೇಳಿದ ತೊಟ್ಟಿಲ ಹಾಡು ಬರಕೋತ ಕೂತಿದ್ದೆ. ಕರೆಂಟ್ ಹೋತು. ಮಾನಿಟರ್ ಮಾತ್ರ ಆರಲಿಲ್ಲ, ನನಗ ಭಾಳ ಹೆಮ್ಮೆ ಆತು. ಅದು ಲ್ಯಾಪ್‌ಟಾಪಿನ ಬ್ಯಾಟರಿ ಕುಡೀಲಿಕ್ಕೆ ಹತ್ತಿದ್ದು ನನ್ನ ತಲಿಗೆ ಹೊಳೀಲೇ ಇಲ್ಲ. ಮುಕ್ಕಾಲು ತಾಸಿಗೆ ಎರಡೂ ಒಮ್ಮೆಲೇ ಆರಿದ್ವು. ಸೇವ್ ಮಾಡಿರಲಿಲ್ಲ. ಹನ್ನೊಂದು ಹಾಡು ಹೋದ್ವು.

ಅತ್ತಿಗೆ ಈಗ 86. ಏಳನ್ನ ಮತ್ತ ಕೂತು ಹೇಳಿದ್ರು. ಉಳಿದ ನಾಲ್ಕು ಅವರ ನೆನಪಿಗೆ ಬರವಲ್ವು. ನಿಮ್ಮ ಪೈಕಿ ಯಾರಾದ್ರೂ ಅವರ ಬಾಯಿಂದ ಕಲಿತಿದ್ರ ನನಗೊಂದು ಫೋನ್ ಮಾಡ್ರಿ.