ಡೇ ಕೇರ್ ಗೋಡೆ ಮೇಲಿನ ಸರ್ಟಿಫಿಕೇಟ್ ನಂಬಿ ಮಗುವನ್ನು ಬಿಡಬಹುದೇ?

'ಐಎಸ್‌ಒ 9001 ಪ್ರಮಾಣಿತ', 'ಸರ್ಕಾರದಿಂದ ನೋಂದಾಯಿತ', 'ಪೂರ್ತಿ ಸಿಸಿಟಿವಿ ಕಣ್ಗಾವಲು'. ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ, ಆಫೀಸಿನ ಅಮ್ಮಂದಿರ ಗ್ರೂಪ್‌ಗಳಲ್ಲಿ ಡೇ ಕೇರ್‌ಗಳ ಇಂಥ ಪೋಸ್ಟರ್‌ಗಳು ದಿನವೂ ಓಡಾಡುತ್ತವೆ. ಕೆಳಗೆ ಯಾರಾದರೂ 'ಒಳ್ಳೆಯ ಜಾಗ, ಸರ್ಟಿಫಿಕೇಟ್ ಇದೆ' ಎಂದು ಬರೆದರೆ ಮುಗಿಯಿತು, ಅದು ಇನ್ನಷ್ಟು ಗ್ರೂಪ್‌ಗಳಿಗೆ ಹೋಗುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಇದೆ: ವಿದೇಶದಲ್ಲಿ ಸರ್ಕಾರವೇ ಡೇ ಕೇರ್‌ಗಳಿಗೆ ರ್‍ಯಾಂಕ್ ಕೊಡುತ್ತದೆ, ಅಲ್ಲಿ ಮಕ್ಕಳಿಗೆ ಭಯವೇ ಇಲ್ಲ, ನಮ್ಮಲ್ಲಿ ಮಾತ್ರ ಹೀಗೆ ಎಂದು.

ಎರಡರಲ್ಲೂ ಸ್ವಲ್ಪ ನಿಜವಿದೆ, ಸಾಕಷ್ಟು ತಪ್ಪೂ ಇದೆ. ಮೊದಲು ಗೋಡೆ ಮೇಲಿನ ಕಾಗದಗಳನ್ನೇ ನೋಡೋಣ.

ಯಾವ ಕಾಗದ ಏನು ಹೇಳುತ್ತದೆ?

ಐಎಸ್‌ಒ ಎಂಬುದು ಜಿನೀವಾದಲ್ಲಿರುವ, ಮಾನದಂಡಗಳನ್ನು ಬರೆಯುವ ಸಂಸ್ಥೆ. ಅದು ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವುದು ಬೇರೆ ಖಾಸಗಿ ಪ್ರಮಾಣೀಕರಣ ಕಂಪನಿಗಳು. ಅವುಗಳಲ್ಲಿ ಮಾನ್ಯತೆ ಪಡೆದವೂ ಇವೆ, ಮಾನ್ಯತೆ ಇಲ್ಲದೆ ಕಾಗದ ಮಾರುವವೂ ಇವೆ. ಇನ್ನು ಐಎಸ್‌ಒ 9001 ಎಂಬ ಮಾನದಂಡ ಬಂದಿರುವುದು 'ಗುಣಮಟ್ಟ ನಿರ್ವಹಣಾ ವ್ಯವಸ್ಥೆ'ಗೆ. ಅಂದರೆ ಸಂಸ್ಥೆ ತನ್ನ ಕೆಲಸದ ಕ್ರಮವನ್ನು ಬರೆದಿಟ್ಟುಕೊಂಡಿದೆಯೇ, ಹಾಗೆಯೇ ನಡೆದುಕೊಳ್ಳುತ್ತಿದೆಯೇ, ದೂರು ಬಂದರೆ ದಾಖಲಿಸುತ್ತದೆಯೇ ಎಂಬುದು. ಬೋಲ್ಟು ತಯಾರಿಸುವ ಕಾರ್ಖಾನೆಯೂ ಇದೇ 9001 ಪಡೆಯಬಹುದು. ಒಂದು ವರ್ಷದ ಮಗು ಅತ್ತಾಗ ಎಷ್ಟು ಹೊತ್ತಿಗೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದಕ್ಕೂ ಈ ಕಾಗದಕ್ಕೂ ನೇರ ಸಂಬಂಧವಿಲ್ಲ.

'ಸರ್ಕಾರದಿಂದ ನೋಂದಾಯಿತ' ಎಂದಿದ್ದರೆ ಯಾವ ನೋಂದಣಿ ಎಂದು ಕೇಳಿ. ಬಹಳ ಸಲ ಅದು ಉದ್ಯಮ್ ನೋಂದಣಿ ಆಗಿರುತ್ತದೆ. ಸಣ್ಣ ಉದ್ದಿಮೆಗಳಿಗಾಗಿ 2020ರ ಜುಲೈನಿಂದ ಇರುವ ಈ ನೋಂದಣಿ ಆನ್‌ಲೈನ್‌ನಲ್ಲಿ, ಉಚಿತವಾಗಿ, ಸ್ವಯಂಘೋಷಣೆಯ ಮೇಲೆ ಸಿಗುತ್ತದೆ. ಅಥವಾ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬಹುದು. ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರಕ್ಕೆ ಸಂಬಂಧಿಸಿದ್ದು. ಇವೆಲ್ಲ ಬೇಕಾದವೇ. ಆದರೆ ಮಕ್ಕಳನ್ನು ನೋಡಿಕೊಳ್ಳುವ ರೀತಿಯನ್ನು ಯಾರೋ ಬಂದು ಪರಿಶೀಲಿಸಿ ಒಪ್ಪಿದ್ದಾರೆ ಎಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ.

ಇಲ್ಲಿ ಮೂರು ಪದಗಳು ಕಲಸಿಹೋಗುತ್ತವೆ. ನೋಂದಣಿ ಎಂದರೆ 'ನಾವು ಇದ್ದೇವೆ' ಎಂದು ಸರ್ಕಾರಕ್ಕೆ ತಿಳಿಸುವುದು. ಪರವಾನಗಿ ಎಂದರೆ ಕನಿಷ್ಠ ಷರತ್ತು ಪೂರೈಸಿದ್ದಕ್ಕೆ ನಡೆಸಲು ಅನುಮತಿ. ಮಾನ್ಯತೆ ಎಂದರೆ ಹೊರಗಿನವರು ಬಂದು, ದಿನದ ಕೆಲಸವನ್ನು ಕಣ್ಣಾರೆ ನೋಡಿ, ಒಂದು ಮಾನದಂಡಕ್ಕೆ ಹೋಲಿಸಿ ಹೇಳುವ ತೀರ್ಮಾನ. ಕಾಲೇಜಿಗೆ ನ್ಯಾಕ್, ಆಸ್ಪತ್ರೆಗೆ ಎನ್‌ಎಬಿಎಚ್ ಇದೆಯಲ್ಲ, ಅದು ಮಾನ್ಯತೆ. ಭಾರತದಲ್ಲಿ ಖಾಸಗಿ ಡೇ ಕೇರ್‌ಗಳನ್ನು ಹಾಗೆ ದೇಶವಿಡೀ ಕಡ್ಡಾಯವಾಗಿ ಅಳೆದು ರೇಟಿಂಗ್ ಕೊಡುವ ವ್ಯವಸ್ಥೆ ಇಲ್ಲ. ಪೋಸ್ಟರ್‌ನಲ್ಲಿ 'ಮಾನ್ಯತೆ ಪಡೆದ' ಎಂದಿದ್ದರೆ 'ಯಾರಿಂದ?' ಎಂಬ ಪ್ರಶ್ನೆ ಅಲ್ಲೇ ಹುಟ್ಟಬೇಕು.

ಆಸ್ಟ್ರೇಲಿಯಾದಲ್ಲಿ ಹೇಗೆ ಅಳೆಯುತ್ತಾರೆ?

'ವಿದೇಶದಲ್ಲಿ' ಎಂದು ಫಾರ್ವರ್ಡ್‌ಗಳು ಹೇಳುವುದಕ್ಕೆ ಒಳ್ಳೆಯ ಉದಾಹರಣೆ ಆಸ್ಟ್ರೇಲಿಯಾ. ಮೆಲ್ಬರ್ನ್, ಸಿಡ್ನಿಯಲ್ಲಿರುವ ಕನ್ನಡದ ಕುಟುಂಬಗಳಿಗೆ ಇದು ದಿನನಿತ್ಯದ ವಿಷಯ. ಮಗುವನ್ನು ನೋಡಿಕೊಳ್ಳಲು ಊರಿನಿಂದ ಹೋದ ಅಜ್ಜಿ-ತಾತನ ವೀಸಾ ಮುಗಿಯುತ್ತಿದ್ದಂತೆ ಅವರು ಹುಡುಕುವುದು ಇದೇ ರೇಟಿಂಗ್‌ಗಳನ್ನು.

ಅಲ್ಲಿ ಮಾನ್ಯತೆ ವ್ಯವಸ್ಥೆ ಶುರುವಾದದ್ದು 1994ರಲ್ಲಿ. ಅದಕ್ಕೆ ಹಲ್ಲು ಬಂದದ್ದು ದುಡ್ಡಿನಿಂದ. ಪೋಷಕರಿಗೆ ಸರ್ಕಾರ ಕೊಡುತ್ತಿದ್ದ ಶುಲ್ಕ ಸಹಾಯಧನ ಸಿಗಬೇಕಾದರೆ ಕೇಂದ್ರ ಈ ಮಾನ್ಯತೆ ಪ್ರಕ್ರಿಯೆಯಲ್ಲಿ ಇರಲೇಬೇಕಿತ್ತು. 2012ರ ಜನವರಿ 1ರಿಂದ ರಾಜ್ಯಗಳ ಪರವಾನಗಿ ಮತ್ತು ರಾಷ್ಟ್ರೀಯ ಮಾನ್ಯತೆ ಎರಡನ್ನೂ ಸೇರಿಸಿ 'ನ್ಯಾಷನಲ್ ಕ್ವಾಲಿಟಿ ಫ್ರೇಮ್‌ವರ್ಕ್' ಬಂತು. ಅದನ್ನು ರಾಷ್ಟ್ರಮಟ್ಟದಲ್ಲಿ ನೋಡಿಕೊಳ್ಳುವ ಪ್ರಾಧಿಕಾರದ ಹೆಸರು ಅಸೆಕ್ವಾ. ಕೇಂದ್ರಗಳಿಗೆ ಹೋಗಿ ಪರಿಶೀಲಿಸುವವರು ಆಯಾ ರಾಜ್ಯದ ಅಧಿಕಾರಿಗಳು.

ಅಳೆಯುವುದು ಏಳು ವಿಷಯಗಳನ್ನು: ಕಲಿಕೆಯ ಕಾರ್ಯಕ್ರಮ, ಆರೋಗ್ಯ ಮತ್ತು ಸುರಕ್ಷತೆ, ಕಟ್ಟಡ ಮತ್ತು ಪರಿಸರ, ಸಿಬ್ಬಂದಿ ವ್ಯವಸ್ಥೆ, ಮಕ್ಕಳೊಂದಿಗಿನ ಸಂಬಂಧ, ಕುಟುಂಬದ ಜೊತೆಗಿನ ಒಡನಾಟ, ಆಡಳಿತ. ಇವುಗಳೊಳಗೆ ಒಟ್ಟು 15 ಮಾನದಂಡ, 40 ಅಂಶ. ಕೊನೆಗೆ ಸಿಗುವ ರೇಟಿಂಗ್ 'ಎಕ್ಸೀಡಿಂಗ್', 'ಮೀಟಿಂಗ್', 'ವರ್ಕಿಂಗ್ ಟುವರ್ಡ್ಸ್', ತೀರಾ ಕೆಟ್ಟದ್ದಾದರೆ 'ಸಿಗ್ನಿಫಿಕಂಟ್ ಇಂಪ್ರೂವ್‌ಮೆಂಟ್ ರಿಕ್ವೈರ್ಡ್'. ಎಲ್ಲಕ್ಕಿಂತ ಮೇಲಿನ 'ಎಕ್ಸಲೆಂಟ್' ಅನ್ನು ಅಸೆಕ್ವಾ ಮಾತ್ರ ಕೊಡುತ್ತದೆ. ರೇಟಿಂಗನ್ನು ಬಾಗಿಲಲ್ಲೇ ಕಾಣುವಂತೆ ಹಾಕಬೇಕು. 'ಸ್ಟಾರ್ಟಿಂಗ್ ಬ್ಲಾಕ್ಸ್' ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲಿ ಯಾವ ಕೇಂದ್ರದ್ದನ್ನಾದರೂ ಮನೆಯಲ್ಲೇ ಕೂತು ನೋಡಬಹುದು.

ಓದುವಾಗ ಎರಡು ವಿಷಯ ಗಮನದಲ್ಲಿರಲಿ. 40 ಅಂಶಗಳಲ್ಲಿ ಒಂದೇ ಒಂದು ಪೂರೈಸದಿದ್ದರೂ ಇಡೀ ಕೇಂದ್ರಕ್ಕೆ 'ವರ್ಕಿಂಗ್ ಟುವರ್ಡ್ಸ್' ಬರುತ್ತದೆ. ಆದ್ದರಿಂದ ಆ ಪದ ಕಂಡ ಕೂಡಲೇ ಜಾಗ ಕೆಟ್ಟದ್ದು ಎನ್ನುವಂತಿಲ್ಲ. ಏಳರಲ್ಲಿ ಯಾವುದು ಕುಂಟಿದೆ ಎಂದು ನೋಡಬೇಕು. ಆಡಳಿತದ ದಾಖಲೆಯಲ್ಲಿ ಕೊರತೆ ಇರುವುದು ಬೇರೆ, 'ಆರೋಗ್ಯ ಮತ್ತು ಸುರಕ್ಷತೆ'ಯಲ್ಲಿ ಕೊರತೆ ಇರುವುದು ಬೇರೆ. ಎರಡನೆಯದು ದಿನಾಂಕ. ರೇಟಿಂಗ್ ಕೊಟ್ಟು ವರ್ಷಗಟ್ಟಲೆ ಆಗಿರಬಹುದು. ಅಷ್ಟರಲ್ಲಿ ಮಾಲೀಕರು, ಸಿಬ್ಬಂದಿ ಎಲ್ಲ ಬದಲಾಗಿರಬಹುದು.

ಹಾಗಾದರೆ ಅಲ್ಲಿ ಭಯವೇ ಇಲ್ಲವೇ?

ಇದೆ. 2025ರ ಜುಲೈ 1ರಂದು ಮೆಲ್ಬರ್ನ್‌ನಲ್ಲಿ ಪೊಲೀಸರು ಒಂದು ಪ್ರಕರಣವನ್ನು ಬಹಿರಂಗಪಡಿಸಿದರು. ಡೇ ಕೇರ್ ಕೆಲಸಗಾರನೊಬ್ಬನ ಮೇಲೆ ಪುಟ್ಟ ಮಕ್ಕಳ ವಿರುದ್ಧದ ಲೈಂಗಿಕ ಅಪರಾಧಗಳೂ ಸೇರಿ 70ಕ್ಕೂ ಹೆಚ್ಚು ಆರೋಪಗಳು ದಾಖಲಾಗಿದ್ದವು. ಆತ 2017ರಿಂದ 20 ಕೇಂದ್ರಗಳಲ್ಲಿ ಕೆಲಸ ಮಾಡಿದ್ದ. ಮುನ್ನೆಚ್ಚರಿಕೆಯಾಗಿ ಸುಮಾರು 1,200 ಮಕ್ಕಳಿಗೆ ಸೋಂಕು ಪರೀಕ್ಷೆ ಮಾಡಿಸಲು ಪೋಷಕರಿಗೆ ಸಲಹೆ ನೀಡಲಾಯಿತು. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಅಲ್ಲಿ ಕಡ್ಡಾಯವಾದ ಹಿನ್ನೆಲೆ ತಪಾಸಣೆಯ ಕಾರ್ಡ್ ಆತನ ಬಳಿ ಇತ್ತು.

ಇದರ ಬಳಿಕ ಅಲ್ಲಿನ ಸಂಸತ್ತು ಅದೇ ತಿಂಗಳಲ್ಲಿ, ಸುರಕ್ಷತೆಯ ಮಟ್ಟ ಕಾಯ್ದುಕೊಳ್ಳದ ಕೇಂದ್ರಗಳಿಗೆ ಸಹಾಯಧನ ನಿಲ್ಲಿಸುವ ಅಧಿಕಾರ ಕೊಡುವ ಕಾನೂನು ಮಾಡಿತು. 2025ರ ಸೆಪ್ಟೆಂಬರ್‌ನಿಂದ, ಮಗುವಿನ ಮೇಲೆ ದೌರ್ಜನ್ಯದ ದೂರು ಬಂದರೆ ಕೇಂದ್ರ ಅದನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಮೊದಲು ಅದಕ್ಕೆ 7 ದಿನದ ಅವಕಾಶ ಇತ್ತು. ಏಳು ದಿನ! ಜಗತ್ತಿಗೆ ಮಾದರಿ ಎನಿಸಿಕೊಂಡ ವ್ಯವಸ್ಥೆಯೊಳಗೂ ಇಂಥ ಕಿಂಡಿ ಇತ್ತು.

ಹಾಗೆಂದು ರೇಟಿಂಗ್ ಎಲ್ಲ ಬೊಗಳೆ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮಾನ್ಯತೆ ಅಳೆಯುವುದು ಜಾಗದ ಒಟ್ಟಾರೆ ನಡವಳಿಕೆಯನ್ನು, ಅದೂ ಅಧಿಕಾರಿಗಳು ಬಂದ ದಿನದ್ದನ್ನು. ಹಿನ್ನೆಲೆ ತಪಾಸಣೆ ಹೇಳುವುದು ಆ ವ್ಯಕ್ತಿ ಹಿಂದೆ ಸಿಕ್ಕಿಬಿದ್ದಿದ್ದಾನೆಯೇ ಎಂಬುದನ್ನು. ನಮ್ಮಲ್ಲಿನ 'ಪೊಲೀಸ್ ವೆರಿಫಿಕೇಶನ್ ಆದ ಸಿಬ್ಬಂದಿ' ಎಂಬ ಸಾಲಿಗೂ ಇದೇ ಮಿತಿ. ಒಬ್ಬರೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರದಂತೆ ಕೆಲಸ ಹಂಚುವುದನ್ನು ಯಾವ ಕಾರ್ಡೂ ಮಾಡುವುದಿಲ್ಲ. ಅದನ್ನು ಪ್ರತಿದಿನ ಕೇಂದ್ರವೇ ಮಾಡಬೇಕು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

ನಮ್ಮ ಕಾನೂನುಗಳು ಹೆಚ್ಚಾಗಿ 'ಶಿಶುಪಾಲನಾ ಕೇಂದ್ರ ಇರಬೇಕು' ಎನ್ನುತ್ತವೆ. ಹೇಗೆ ನಡೆಯುತ್ತಿದೆ ಎಂದು ನೋಡುವುದರಲ್ಲಿ ಹಿಂದೆ. ಕಾರ್ಖಾನೆಗಳಲ್ಲಿ ಕೇಂದ್ರ ಇರಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಿಂದಲೇ ಬಂದದ್ದು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ಗೊತ್ತಿರುವ ವಿಷಯ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಈ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಲು ಬಿಡಬೇಕು ಎಂದಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಆಫೀಸಿನ ಎಚ್‌ಆರ್ ಇದನ್ನು ತಾವಾಗಿ ಹೇಳದಿರಬಹುದು, ಕೇಳಿದರೆ ಹೇಳಲೇಬೇಕು.

ಇಂಥ ಕೇಂದ್ರ ಹೇಗಿರಬೇಕೆಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಕನಿಷ್ಠ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾರ್ಗಸೂಚಿ ಬೇರೆ, ಬಂದು ಪರಿಶೀಲಿಸಿ ಅಂಕ ಕೊಡುವುದು ಬೇರೆ. ಸರ್ಕಾರವೇ ನಡೆಸುವ ವ್ಯವಸ್ಥೆಗಳೂ ಇವೆ. ಕೇಂದ್ರದ 'ಪಾಲ್ನಾ' ಯೋಜನೆ ಒಂದು. ಕರ್ನಾಟಕದಲ್ಲಿ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಇನ್ನೊಂದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ, ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು ನಡೆಸುವ ಕೇಂದ್ರಗಳಿವು. ಊರಿನವರೇ ನೋಡಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ: ಮಗುವಿಗೆ ಏನಾಯಿತೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸಿಟಿ ಅಪಾರ್ಟ್‌ಮೆಂಟಿನ ನೆಲಮಹಡಿಯ ಡೇ ಕೇರ್‌ಗೆ ಆ ಕಣ್ಣುಗಳಿಲ್ಲ.

ಹಾಗಾದರೆ ಏನನ್ನು ನೋಡಬೇಕು?

ಎಣಿಸಿ. ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು ಎಂಬುದು ಬೇರೆಲ್ಲದಕ್ಕಿಂತ ಮುಖ್ಯ. ಆಸ್ಟ್ರೇಲಿಯಾದಲ್ಲಿ ಎರಡು ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು ಇರಲೇಬೇಕು. ಎರಡರಿಂದ ಮೂರು ವರ್ಷದವರಾದರೆ 5 ಮಕ್ಕಳಿಗೆ ಒಬ್ಬರು (ವಿಕ್ಟೋರಿಯಾ ರಾಜ್ಯದಲ್ಲಿ ಅಲ್ಲೂ 4ಕ್ಕೆ ಒಬ್ಬರು). ಇದು ಸುಮ್ಮನೆ ಇಟ್ಟ ಲೆಕ್ಕವಲ್ಲ. ಒಬ್ಬರು ಒಂದು ಮಗುವಿನ ಡೈಪರ್ ಬದಲಿಸಲು ಹೋದರೆ ಉಳಿದವರನ್ನು ನೋಡುವವರು ಯಾರು? ಬೆಂಕಿಯ ಹೊಗೆ ಕಂಡರೆ ನಡೆಯಲು ಬಾರದ ಎಂಟು ಮಕ್ಕಳನ್ನು ಇಬ್ಬರು ಹೇಗೆ ಹೊರಗೆ ತರುತ್ತಾರೆ? 2023ರಲ್ಲಿ ಬೆಂಗಳೂರಿನ ಒಂದು ಕೇಂದ್ರದ ಸಿಸಿಟಿವಿ ವಿಡಿಯೊ ವೈರಲ್ ಆಗಿತ್ತು. ಒಂದು ಮಗು ಇನ್ನೊಂದು ಪುಟ್ಟ ಮಗುವನ್ನು ಮತ್ತೆ ಮತ್ತೆ ಹೊಡೆಯುತ್ತಿತ್ತು, ಕೋಣೆಯಲ್ಲಿ ದೊಡ್ಡವರು ಒಬ್ಬರೂ ಇರಲಿಲ್ಲ. ಬೈಗುಳವೆಲ್ಲ ಹೊಡೆದ ಮಗುವಿಗೆ ಬಿತ್ತು. ಅಲ್ಲಿ ಕೇಳಬೇಕಿದ್ದುದು ಆ ಹೊತ್ತಿಗೆ ದೊಡ್ಡವರು ಎಲ್ಲಿದ್ದರು ಎಂದು. ಕ್ಯಾಮೆರಾ ಇತ್ತು, ರೆಕಾರ್ಡ್ ಆಯಿತು, ತಡೆಯಲಿಲ್ಲ. ಸಿಸಿಟಿವಿಯಿಂದ ಆಮೇಲೆ ಸಾಕ್ಷಿ ಸಿಗುತ್ತದೆ. ಅದು ಆಯಾ ಮಾಡುವ ಕೆಲಸ ಮಾಡುವುದಿಲ್ಲ.

ಆದ್ದರಿಂದ ಅಡ್ಮಿಷನ್‌ಗೆ ಮೊದಲು ಬೆಳಿಗ್ಗೆ ಹತ್ತಕ್ಕೆ, ಅವರು ಕರೆದ ಹೊತ್ತಿಗೆ ಮಾತ್ರ ಹೋಗಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಆರರ ಸುಮಾರಿಗೆ ಒಮ್ಮೆ ಹೋಗಿ. ಸಿಬ್ಬಂದಿ ಕಡಿಮೆಯಾಗುವುದು ಆಗಲೇ. ಹೇಳದೆ ಬಂದ ಪೋಷಕರನ್ನು ಗೇಟಿನಲ್ಲೇ ನಿಲ್ಲಿಸಿದರೆ ಅದೇ ಒಂದು ಉತ್ತರ. ಒಳಗೆ ಹೋದಾಗ ಗೋಡೆಯ ಬಣ್ಣಕ್ಕಿಂತ ಮಾತು ಕೇಳಿಸಿಕೊಳ್ಳಿ: ದೊಡ್ಡವರು ಮಕ್ಕಳ ಜೊತೆ ಕೆಳಗೆ ಕೂತು ಮಾತಾಡುತ್ತಿದ್ದಾರೋ, ದೂರದಿಂದ ಗದರುತ್ತಿದ್ದಾರೋ? ಅಷ್ಟು ಹೊತ್ತೂ ಟಿವಿ ಓಡುತ್ತಿದೆಯೇ? ಆಯಾ ಅಥವಾ ಟೀಚರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಅವರನ್ನೇ ಕೇಳಿ. ಆರು ತಿಂಗಳಿಗೊಮ್ಮೆ ಜನ ಬದಲಾಗುವ ಕಡೆ ಮಗುವಿಗೆ ಯಾರೂ ಹತ್ತಿರವಾಗುವುದಿಲ್ಲ. ಕೆಲಸ ಬಿಟ್ಟು ಹೋಗಲು ಹೆಚ್ಚಾಗಿ ಸಂಬಳವೇ ಕಾರಣ. ಇದನ್ನು ಯಾವ ಪೋಸ್ಟರ್ ಬರೆಯುತ್ತದೆ?

ಗೋಡೆಯ ಸರ್ಟಿಫಿಕೇಟನ್ನೂ ಓದಿ. ಕೊಟ್ಟವರು ಯಾರು, ಯಾವ ವಿಷಯಕ್ಕೆ, ಯಾವ ದಿನದವರೆಗೆ ಎಂದು ನೋಡಿ. ಅದರಲ್ಲಿರುವ ವಿಳಾಸವನ್ನಂತೂ ತಪ್ಪದೆ ನೋಡಿ. ಫ್ರಾಂಚೈಸಿ ಆಗಿದ್ದರೆ, ಕಾಗದ ಬೇರೆ ಊರಿನ ಮುಖ್ಯ ಕಚೇರಿಗೆ ಬಂದದ್ದಾಗಿರಬಹುದು. ನಿಮ್ಮ ಬೀದಿಯ ಶಾಖೆಗೆ ಯಾರೂ ಬಂದು ನೋಡಿರಲಿಕ್ಕಿಲ್ಲ.

ಗ್ರೂಪ್‌ನಲ್ಲಿ ಪೋಸ್ಟರ್ ಬಂದಾಗ ಸರ್ಟಿಫಿಕೇಟ್‌ನ ಫೋಟೊ ಹಾಕಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಮಾತ್ರ ವಿಡಿಯೊ ಹಂಚಬೇಡಿ, ಅದರಲ್ಲಿ ಮಗುವಿನ ಮುಖ ಇರುತ್ತದೆ. 1098 ಮಕ್ಕಳ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯ ಎಂದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಡೇ ಕೇರ್ ನಡೆಸುವವರಿಗೂ ಇದು ಅನ್ವಯಿಸುತ್ತದೆ.