ಮಾಳಿಗೆ ಇಳಿದು ಏಸಿ ಏರಿದ ಲೆಕ್ಕ

ಚಳ್ಳಕೆರೆಯಲ್ಲಿ ಹಳೆಯ ಏಸಿ ಕೆಟ್ಟು ನಿಂತರೆ, ಒಂದೂವರೆ ಟನ್ನಿನ ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ಎತ್ತಿಡಬೇಕು. ಹಳೆಯದು ಆರ್-22 ಅನಿಲದ್ದಾದರೆ ತಾಮ್ರದ ಪೈಪೂ ಬದಲಾಗಬೇಕಾದೀತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಹೊರೆ ಸ್ವಲ್ಪ ತಗ್ಗಿತು, ಅಷ್ಟೆ. ಆದರೆ ಈ ಖರ್ಚಿನ ಮೊದಲ ಕಂತನ್ನು ಇಲ್ಲಿನ ಮನೆಗಳು ಕಟ್ಟಿದ್ದು ಏಸಿ ಬರುವುದಕ್ಕೆ ಎಷ್ಟೋ ಮೊದಲು, ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದಾಗ. ಈ ಸೀಮೆಗೆ ಸೆಕೆ ಹೊಸದಲ್ಲ. ಅಶೋಕನ ಶಾಸನಗಳು ಹೆಸರಿಸುವ ಇಸಿಲ ಎಂಬ ಊರು ಇದ್ದದ್ದು ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಆಸುಪಾಸಿನಲ್ಲಿ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಜನ ಈ ಬಿಸಿಲಲ್ಲೇ ಬಾಳಿದ್ದಾರೆ. ರಾಜ್ಯದ ಅತಿ ಒಣ ತಾಲ್ಲೂಕುಗಳ ಸಾಲಿಗೆ ಸೇರಿದ ನೆಲ ಇದು. ಆ ಒಣಹವೆಯೇ ಇಲ್ಲಿನ ಮನೆಗೆ ರೂಪ ಕೊಟ್ಟಿತ್ತು.

ಮಳೆ ಕಡಿಮೆಯಾದ್ದರಿಂದ ಸೂರು ಮಲೆನಾಡಿನಂತೆ ಇಳಿಜಾರಾಗಬೇಕಿರಲಿಲ್ಲ. ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಅಡ್ಡಕ್ಕೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಒಂದಡಿಯ ಹತ್ತಿರ ಮಣ್ಣು, ಕೊನೆಗೆ ನೀರು ಇಂಗಗೊಡದ ಕರಲು ಮಣ್ಣಿನ ಮೇಲ್ಪದರ. ನಡುಹಗಲ ಬಿಸಿ ಇಷ್ಟೆಲ್ಲ ದಾಟಿ ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಮನೆಯವರು ಚಾಪೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ, ಇಲ್ಲವೇ ಅಂಗಳಕ್ಕೆ ಬಂದಿರುತ್ತಾರೆ. ಐದಂಗುಲದ ಕಾಂಕ್ರೀಟಾದರೋ ಸಂಜೆಗೇ ಕಾದು, ಮಲಗುವ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ಬಿಸಿ ಸುರಿಯುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ಆ ಮಣ್ಣಿನ ಮನೆಯ ಕೂಸೇ. ಒಣಗಾಳಿಗೆ ರೇಷ್ಮೆ ಎಳೆ ಬೇಗ ಹರಿಯುತ್ತದೆ. ಕುಣಿಮಗ್ಗದಲ್ಲಿ ನೇಕಾರ ನೆಲದಂಚಿಗೆ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ಮೆಟ್ಟು ತುಳಿಯುತ್ತಾನೆ. ಹಾಸಿನ ಎಳೆಗಳು ನೆಲಕ್ಕೆ ಹತ್ತಿರವಾಗಿ ಚಾಚಿದ್ದು ಮಣ್ಣಿನ ತೇವ ಅವಕ್ಕೆ ತಗಲುತ್ತಿರುತ್ತದೆ. ಮನುಷ್ಯನಿಗೂ ನೂಲಿಗೂ ಒಂದೇ ಮನೆ ತಂಪು ಕೊಡುತ್ತಿತ್ತು, ಅದಕ್ಕೆ ಬಿಲ್ಲು ಬರುತ್ತಿರಲಿಲ್ಲ.

ಬಿಲ್ಲಿರಲಿಲ್ಲ ಎಂದರೆ ಬೆಲೆಯೇ ಇರಲಿಲ್ಲವೇ ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊರಬೇಕಿತ್ತು, ಗೋಡೆ ನೆಲ ಸಾರಿಸಬೇಕಿತ್ತು. ಆ ದುಡಿಮೆ ಬಹುಪಾಲು ಹೆಂಗಸರದು, ಕೂಲಿ ಇಲ್ಲದ್ದು. ಜಡಿಮಳೆ ಹಿಡಿದರೆ ಸೋರಿಕೆ, ಜಂತೆಗೆ ಗೆದ್ದಲು, ಸಂದಿನಲ್ಲಿ ಚೇಳು. ತೊಲೆಗೆ ಬೇಕಾದ ಮರವೂ ತುಟ್ಟಿಯಾಯಿತು. ಸಾಲದ್ದಕ್ಕೆ ಸರ್ಕಾರದ ಕಡತದಲ್ಲಿ ಮಣ್ಣಿನ ಮನೆಗೆ ‘ಕಚ್ಚಾ’ ಎಂಬ ಪಟ್ಟ. 1985ರ ಇಂದಿರಾ ಆವಾಸ್‌ನಿಂದ 2016ರ ಪ್ರಧಾನಮಂತ್ರಿ ಆವಾಸ್‌ವರೆಗೆ ನೆರವಿನ ಗುರಿ ಪಕ್ಕಾ ಮನೆಯೇ. ಬಡವರು ಅದನ್ನು ಬಯಸಿದ್ದರಲ್ಲಿ ತಪ್ಪೇನಿಲ್ಲ. ಸೋರದ ಸೂರು ಮರ್ಯಾದೆಯ ವಿಷಯ. ನನ್ನ ತಕರಾರು ಲೆಕ್ಕದ ಬಗ್ಗೆ ಮಾತ್ರ: ಸಿಮೆಂಟು, ಕಬ್ಬಿಣಕ್ಕೆ ಅಂದಾಜುಪಟ್ಟಿ ಬರೆದವರು ಸೆಕೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಬೇರೆ ದಾರಿ ಇರಲಿಲ್ಲವೆನ್ನುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಚೂರು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯನ್ನು ದಶಕಗಳ ಕಾಲ ತಿದ್ದಿ ತೀಡಿತು. ಅದೇ ಸಂಸ್ಥೆಗೆ ಈಗ ಚಳ್ಳಕೆರೆ ಬಳಿಯ ಕುದಾಪುರದಲ್ಲಿ 1,500 ಎಕರೆ ಇದೆ.

ಇನ್ನು ಕೆಟ್ಟ ಏಸಿಯ ಜಾಗಕ್ಕೆ ಏನು? ಮಂಗಳೂರಿನವರಿಗೆ ಇಲ್ಲದ ಆಯ್ಕೆ ಇಲ್ಲಿನವರಿಗಿದೆ, ನೀರಿನ ಕೂಲರು. ಹೊರಗೆ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ ನೀರು ಆವಿಯಾಗಿಯೇ ಗಾಳಿ 22ರ ಹತ್ತಿರಕ್ಕೆ ಇಳಿಯಬಲ್ಲದು. ಸಾಧಾರಣ ಕೂಲರು 26ರವರೆಗಾದರೂ ತಂದೀತು. ಕರಾವಳಿಯ 33 ಡಿಗ್ರಿ, ಶೇ 70ರಲ್ಲಿ ಅದೇ ಕೂಲರು 29ಕ್ಕೇ ಸುಸ್ತಾಗಿ, ಮೈಗೆ ಅಂಟು ಹಚ್ಚುತ್ತದೆ. ಏಸಿ ಗಂಟೆಗೆ ಒಂದು ಯೂನಿಟ್ಟಿನಂತೆ ರಾತ್ರಿ ಎಂಟು ತಾಸು ಓಡಿದರೆ ತಿಂಗಳಿಗೆ 240 ಯೂನಿಟ್ಟು. 2023ರ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ಮನೆಯ ಯಜಮಾನನ ತಲೆಗೇ. ಕೂಲರಿಗೆ ಐವತ್ತು ಯೂನಿಟ್ಟು ಸಾಕು. ಆದರೆ ಕೊಳವೆಬಾವಿ ಬತ್ತುವ ಸೀಮೆಯಲ್ಲಿ ರಾತ್ರಿಗೆ ಮೂರ್ನಾಲ್ಕು ಕೊಡ ನೀರು ಕುಡಿಯುವ ಯಂತ್ರವೇ? ಈ ಆಕ್ಷೇಪ ಗಟ್ಟಿಯಾದದ್ದು, ನನ್ನ ಬಳಿ ಅದಕ್ಕೆ ಅರ್ಧ ಉತ್ತರ ಮಾತ್ರ ಇದೆ. ಸೂರು ಕಾಯದಂತೆ ನೋಡಿಕೊಂಡರೆ ಕೂಲರು ಓಡಬೇಕಾದ ತಾಸೂ ಇಳಿಯುತ್ತದೆ, ನೀರೂ ಉಳಿಯುತ್ತದೆ.

ಹಾಸಿಗೆ ಹಿಡಿದವರು, ಹಸುಗೂಸು ಇರುವ ಮನೆಗೆ ಏಸಿಯೇ ಬೇಕಾದರೆ ಕೊಳ್ಳಲಿ. ಅದನ್ನು ಶೋಕಿ ಎಂದು ಆಡಿಕೊಳ್ಳುವುದು ಸಲ್ಲ. ಉಳಿದವರು ಅಂಗಡಿಗೆ ಹೋಗುವ ಮುನ್ನ ಯುಗಾದಿಗೆ ಗೋಡೆಗೆ ಬಳಿಯುವ ಸುಣ್ಣವನ್ನು ಈ ಸಲ ತಾರಸಿಗೂ ಎರಡು ಕೋಟು ಬಳಿಸಿ, ಒಂದು ಬೇಸಿಗೆ ನೋಡಲಿ.