ದೂರದ ದೂತರು, ಪಕ್ಕದ ನೆರೆಯವರು

ಟಿಪ್ಪು ಸುಲ್ತಾನರ ಕಥೆಯನ್ನು ನಾವು ಮನೆಗಳಲ್ಲಿ ಒಂದು ನಿಟ್ಟುಸಿರಿನೊಂದಿಗೆ ಮುಗಿಸುತ್ತೇವೆ: ‘ಹೊರಗಿನಿಂದ ಸಹಾಯ ಬಂದಿದ್ದರೆ!’ ಅದು ಏಕೆ ಬರಲಿಲ್ಲ ಎಂದು ಕೇಳಿಕೊಳ್ಳುವುದು ಕಡಿಮೆ.

ಸುಲ್ತಾನರು ಕೇಳದೆ ಇರಲಿಲ್ಲ. 1786ರಲ್ಲಿ ಗುಲಾಮ್ ಅಲಿ ಖಾನರ ನೇತೃತ್ವದಲ್ಲಿ ಸುಮಾರು 900 ಮಂದಿಯ ನಿಯೋಗ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿತು. ನೂರಾರು ಮಂದಿ ಈ ಯಾತ್ರೆಯಲ್ಲೇ ತೀರಿಕೊಂಡರು. ಮರುವರ್ಷ ಇಸ್ತಾಂಬುಲ್ ತಲುಪಿದಾಗ ಉಸ್ಮಾನಿಯಾ ಸುಲ್ತಾನರು ರಷ್ಯಾದೊಂದಿಗೆ ಯುದ್ಧಕ್ಕಿಳಿದಿದ್ದರು. ಬ್ರಿಟಿಷರ ಮುನಿಸು ಅವರಿಗೆ ಬೇಕಿರಲಿಲ್ಲ. ನಿಯೋಗಕ್ಕೆ ಗೌರವ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯೂ ದೂತರನ್ನು ಆದರಿಸಿದ. ಆದರೆ ಅವನ ಖಜಾನೆ ಬರಿದಾಗಿತ್ತು.

ಇನ್ನೊಂದು ಮಾತನ್ನೂ ನಾವು ಮರೆಮಾಚಬಾರದು. ಆ ಹಡಗುಗಳು ಹೊರಟ ದಿನಗಳಲ್ಲಿ ಮೈಸೂರು ತನ್ನ ನೆರೆಯ ಮರಾಠರು ಮತ್ತು ಹೈದರಾಬಾದಿನ ನಿಜಾಮರೊಂದಿಗೆ ಯುದ್ಧದಲ್ಲಿತ್ತು. 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು, ಮನಸ್ಸುಗಳು ಕೂಡಲಿಲ್ಲ. 1790ರಲ್ಲಿ ಆ ಇಬ್ಬರೂ ಬ್ರಿಟಿಷರ ಜೊತೆ ಸೇರಿದರು. 1792ರಲ್ಲಿ ಅರ್ಧ ರಾಜ್ಯ ಹೋಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಅಫ್ಘಾನಿಸ್ತಾನದ ಜಮಾನ್ ಷಾ ಲಾಹೋರ್‌ವರೆಗೆ ಬಂದು 1799ರಲ್ಲಿ ಹಿಂದಿರುಗಿದರು. ಅವರ ಬೆನ್ನಿಗೆ ಇರಾನಿನ ಭಯವಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಪಕ್ಕದಲ್ಲಿ ನಿಂತದ್ದು ನಿಜಾಮರ ಸೈನ್ಯ. ಕಲಿಮ ಒಂದೇ ಆಗಿದ್ದರೂ ಹಿತ ಬೇರೆಯಾಗಿತ್ತು. ಇದು ಕಹಿ, ಆದರೂ ಸತ್ಯ.

ಪ್ರವಾದಿವರ್ಯರ(ಸ) ಚರಿತ್ರೆಯಲ್ಲಿ ನಾವು ಬೇರೆ ದಾರಿ ಕಾಣುತ್ತೇವೆ. ಹುದೈಬಿಯಾ ಒಪ್ಪಂದದ ವೇಳೆ ಖುಝಾಅ ಗೋತ್ರದವರು ಅವರ ಪಕ್ಷ ಸೇರಿದರು. ಅವರಲ್ಲಿ ಅನೇಕರು ಆಗ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಎರಡು ವರ್ಷಗಳ ಬಳಿಕ ಕುರೈಷರ ನೆರವಿನಿಂದ ಅವರ ಮೇಲೆ ದಾಳಿಯಾಯಿತು. ಅವರ ಮೊರೆ ಮದೀನಾ ತಲುಪಿದಾಗ ಪ್ರವಾದಿವರ್ಯರು(ಸ) ಕೊಟ್ಟ ಮಾತಿಗಾಗಿ ಹತ್ತು ಸಾವಿರ ಸಂಗಡಿಗರೊಂದಿಗೆ ಹೊರಟರು. ಮಕ್ಕಾ ವಿಜಯದ ಬಾಗಿಲು ತೆರೆದದ್ದು ಹೀಗೆ.

ಸಹೋದರ ಸಹೋದರಿಯರೇ, ಯುದ್ಧಕ್ಕಿಳಿದ ನಾಡಿಗೆ ಹೊರಗಿನ ನೆರವು ಬಹಳ ಮುಖ್ಯ. ಆದರೆ ಅದನ್ನು ಯುದ್ಧದ ದಿನ ಗಳಿಸಲಾಗದು. ಶಾಂತಿಯ ದಿನಗಳಲ್ಲಿ ಮಾತು ಉಳಿಸಿಕೊಂಡು, ಮೊದಲು ಪಕ್ಕದವರ ವಿಶ್ವಾಸ ಗಳಿಸಬೇಕು. ನಾಡಿಗೆ ಸಲ್ಲುವ ಈ ಮಾತು ನಮ್ಮ ಮೊಹಲ್ಲಾಕ್ಕೂ ಸಲ್ಲುತ್ತದೆ. ಅಲ್ಲಾಹನು ನಮ್ಮನ್ನು ಮಾತಿಗೆ ತಪ್ಪದವರನ್ನಾಗಿ ಮಾಡಲಿ. ಆಮೀನ್.